ಲ್ಯಾಟಿನ್ ಕ್ರಿಯಾಪದದ ಬೇರು ನೋಡಲು ವಿಕ್ಷನರಿ ಹೇಗಿದೆ?

ಶಿವಮೊಗ್ಗದಲ್ಲಿ ಸಸ್ಯಶಾಸ್ತ್ರ ಓದುವ ಯಾರನ್ನೇ ಕೇಳಿ, ಮ್ಯಾಂಜಿಫೆರಾ ಇಂಡಿಕಾ, ಮೊರಿಂಗಾ ಓಲಿಫೆರಾ, ಬೊರಾಸಸ್ ಫ್ಲಾಬೆಲಿಫರ್ ಬಾಯಿಪಾಠ. ಮಾವು, ನುಗ್ಗೆ, ತಾಳೆ ಮೂರರ ಬಾಲದಲ್ಲೂ ಇರುವುದು 'ಫೆರೊ' ಎಂಬ ಒಂದೇ ಕ್ರಿಯಾಪದ: ಹೊರು, ತರು, ಗಿಡದ ಮಾತಾದರೆ ಬಿಡು. ಹೊಸನಗರದ ಅಪ್ಪೆಮಿಡಿಗೂ ಇದೇ ಬಾಲ. ಇಂಥದ್ದನ್ನು ದುಡ್ಡಿಲ್ಲದೆ ನೋಡಲು ಬಳಕೆದಾರರೇ ಬರೆದು ತಿದ್ದುವ ಅಂತರ್ಜಾಲ ನಿಘಂಟು ಇಂಗ್ಲಿಷ್ ವಿಕ್ಷನರಿ ಒಳ್ಳೆಯದೇ, ಹುಡುಕುವ ಕ್ರಮ ಗೊತ್ತಿದ್ದರೆ.

ಲ್ಯಾಟಿನ್ ನಿಘಂಟಿನಲ್ಲಿ ತಲೆಪದ ಧಾತುವಲ್ಲ, ವರ್ತಮಾನದ ಉತ್ತಮಪುರುಷ ಏಕವಚನ. 'ಫೆರ್ರೆ' ಎಂದು ಕೊಟ್ಟರೆ ಅದು ಯಾವ ರೂಪ ಎಂದಷ್ಟೇ ಹೇಳಿ 'ಫೆರೊ'ಗೆ ಕಳಿಸುತ್ತದೆ. ದೀರ್ಘ ಸ್ವರದ ತಲೆಮೇಲೆ ಹಾಕುವ ಗೆರೆ ಟೈಪ್ ಮಾಡುವುದು ಬೇಡ. ಪುಟ ತೆರೆದ ಮೇಲೆ ನೇರ ಲ್ಯಾಟಿನ್ ವಿಭಾಗಕ್ಕೆ ಇಳಿಯಿರಿ. ಮೇಲಿರುವ ಎಸ್ಪೆರಾಂಟೊ ಎಂಬ ಕೃತಕ ಭಾಷೆಯಲ್ಲಿ 'ಫೆರೊ' ಎಂದರೆ ಕಬ್ಬಿಣ. ಫೆರೊದ ಭೂತಕಾಲದ ರೂಪ 'ತುಲಿ'ಯ ಪುಟದಲ್ಲಿ ಲ್ಯಾಟಿನ್‌ಗಿಂತ ಮೇಲೆ ಸಿಗುವ ಫಿನ್ನಿಶ್ ಪದಕ್ಕೆ ಬೆಂಕಿ ಎಂದರ್ಥ. ಹೆಸರಿನ ಬಾಲವನ್ನಷ್ಟೇ ಹುಡುಕುವಾಗ ಅದರ ಮೊದಲಿಗೆ ಅಡ್ಡಗೆರೆ ಹಾಕಿ (-fer).

ವ್ಯುತ್ಪತ್ತಿ ಭಾಗವೇ ಇದರ ಜೀವಾಳ. ಈ ಒಂದೇ ಕ್ರಿಯಾಪದದ ಫೆರೊ, ಫೆರ್ರೆ, ತುಲೀ, ಲಾತುಮ್ ಎಂಬ ನಾಲ್ಕು ರೂಪಗಳು ಎರಡು ಬೇರುಗಳಿಂದ ಬಂದವು. ಮೊದಲೆರಡು ಸಂಸ್ಕೃತದ 'ಭರತಿ'ಯ ಬಳಗ. ಪದದ ಮೊದಲಿನ ಮೂಲ 'ಭ' ಲ್ಯಾಟಿನ್‌ನಲ್ಲಿ 'ಫ' ಆಗುತ್ತದೆ. ಭ್ರಾತೃ ಅಲ್ಲಿ 'ಫ್ರಾತೆರ್'. ಉಳಿದೆರಡು, 'ಎತ್ತು, ತಾಳು' ಅರ್ಥದ ಬೇರಿನವು. ಸಂಸ್ಕೃತದ 'ತುಲಾ' ಅದರದ್ದೇ. ಲಾತುಮ್ ಹಿಂದೆ 'ತ್ಲಾತುಮ್' ಆಗಿತ್ತು, ತಕಾರ ಉದುರಿತು. ಪ್ರಾಚೀನ ರೋಮಿನ ನಾಟಕಕಾರ ಪ್ಲೌಟಸ್‌ನ ನಾಟಕಗಳಲ್ಲಿ ತುಲೀಗೆ 'ತೆತುಲೀ' ಎಂಬ ಹಳೆಯ ರೂಪ ಸಿಗುತ್ತದೆ. ಸಂಸ್ಕೃತದ ಲಿಟ್ ಲಕಾರದ (ಒಂದು ಭೂತಕಾಲ ರೂಪ) ದ್ವಿತ್ವ, ಅಂದರೆ ಧಾತುವಿನ ಮೊದಲಕ್ಷರ ಎರಡು ಸಲ ಬರುವುದು, ಬಲ್ಲವರಿಗೆ ಇದು ಕೂಡಲೇ ಹೊಳೆದೀತು. ದೇವಸ್ಥಾನದ ತುಲಾಭಾರದಲ್ಲಿ ಎರಡೂ ಬೇರು ಜೋಡಿಯಾಗಿ ಕೂತಿವೆ!

ಕೊರತೆಗಳೂ ಉಂಟು. ನಕ್ಷತ್ರ ಚಿಹ್ನೆಯಿರುವ ರೂಪಗಳು ಬರಹದಲ್ಲಿ ಸಿಕ್ಕವಲ್ಲ, ವಿದ್ವಾಂಸರು ಊಹಿಸಿ ಕಟ್ಟಿದವು. ಹೊಸಬರು ಅವನ್ನೇ ಉತ್ತರಪತ್ರಿಕೆಗೆ ಇಳಿಸುತ್ತಾರೆ. 'ಹೊಡೆ' ಅರ್ಥದ 'ಫೆರಿಯೊ' ಬೇರೆಯೇ ಕ್ರಿಯಾಪದ, ಕಾಗುಣಿತ ನೋಡಿ ಬೆರೆಸಬೇಡಿ. ಯಾವ ಲೇಖಕ ಯಾವ ಅರ್ಥದಲ್ಲಿ ಬಳಸಿದ ಎಂಬುದಕ್ಕೆ ವಿಕ್ಷನರಿ ಸಾಲದು. 1879ರ ಲೂಯಿಸ್ ಮತ್ತು ಶಾರ್ಟ್ ನಿಘಂಟೇ ಬೇಕು. ಅದು ಷಿಕಾಗೊ ವಿಶ್ವವಿದ್ಯಾಲಯದ 'ಲೊಗೆಯಾನ್' ತಾಣದಲ್ಲಿ ಉಚಿತ.

ಆಗುಂಬೆ ಕಡೆ ಗಿಡ ನೋಡಲು ಹೋಗುವವರು ಸಿಗ್ನಲ್ ನಂಬದೆ, ಊರಲ್ಲೇ ವೈಫೈ ಇರುವಾಗ ಇಂಟರ್ನೆಟ್ ಇಲ್ಲದೆಯೂ ಓದಲು ಬರುವ 'ಕಿವಿಕ್ಸ್' ಆ್ಯಪ್‌ಗೆ ಇಂಗ್ಲಿಷ್ ವಿಕ್ಷನರಿಯ ಕಡತ ಇಳಿಸಿಕೊಳ್ಳಿ. ಅದು ಹಲವು ಜಿಬಿ ತೂಗುತ್ತದೆ, ಫೋನಿನಲ್ಲಿ ಜಾಗ ಮೊದಲೇ ನೋಡಿಕೊಳ್ಳಿ.