ಅಡ್ಡರಸ್ತೆಯ ವೇಗ ಅಳೆಯಲು ಎಚ್‌ಬಿ100 ರಾಡಾರ್: ಕೊಳ್ಳಬಹುದೇ?

ಎಚ್‌ಬಿ100 ಎಂಬುದು ಕೆಲವೇ ನೂರು ರೂಪಾಯಿಗೆ ಸಿಗುವ, ಬೆಂಕಿಪೊಟ್ಟಣಕ್ಕಿಂತ ತುಸು ಅಗಲವಾದ ಡಾಪ್ಲರ್ ರಾಡಾರ್ ಮಾಡ್ಯೂಲ್, ಅಂದರೆ ಮರಳಿದ ತರಂಗದ ಬದಲಾವಣೆಯಿಂದ ಚಲನೆ ಹಿಡಿಯುವ ಬಿಡಿಭಾಗ. ತಾನಾಗಿ ತೆರೆದುಕೊಳ್ಳುವ ಬಾಗಿಲು, ಕಳ್ಳರ ಸುಳಿವು ಹಿಡಿಯುವ ಅಲಾರಂ ಮುಂತಾದವುಗಳಲ್ಲಿ ಚಲನೆಯನ್ನು ಗುರುತಿಸುವುದು ಇದರ ಮೂಲ ಕೆಲಸ. ಬೆಂಗಳೂರಿನ ಬನಶಂಕರಿ ಕಡೆಯ ನಮ್ಮ ಅಡ್ಡರಸ್ತೆ ಎರಡು ಮುಖ್ಯರಸ್ತೆಗಳ ನಡುವೆ ಇರುವುದರಿಂದ, ಸಿಗ್ನಲ್ ತಪ್ಪಿಸಿಕೊಳ್ಳಲು ಮೊಬೈಲಿನ ನಕ್ಷೆ ನೋಡಿಕೊಂಡು ನುಗ್ಗುವ ಕಾರುಗಳೂ ನೀರಿನ ಟ್ಯಾಂಕರುಗಳೂ ಇಲ್ಲಿ ದಿನವಿಡೀ ಓಡಾಡುತ್ತವೆ. ಅವು ನಿಜಕ್ಕೂ ಎಷ್ಟು ವೇಗವಾಗಿ ಹೋಗುತ್ತವೆ ಎಂಬುದನ್ನು ಬಾಯಿಮಾತಿನಲ್ಲಿ ಅಲ್ಲ, ಅಂಕಿಗಳಲ್ಲಿ ಹೇಳಬೇಕೆಂದು ಈ ಮಾಡ್ಯೂಲನ್ನು ತಂದು ಕಾಂಪೌಂಡಿನ ಮೇಲೆ ಕೂರಿಸಿದೆ. ಕೊಟ್ಟ ಹಣಕ್ಕೆ ಮೋಸವಿಲ್ಲ. ಆದರೆ ಪೆಟ್ಟಿಗೆಯಿಂದ ತೆಗೆದ ಕೂಡಲೇ ಕೆಲಸ ಮಾಡುವ ವಸ್ತು ಇದಲ್ಲ.

ಮಾಡ್ಯೂಲ್ 10.525 ಗಿಗಾಹರ್ಟ್ಸ್ ತರಂಗವನ್ನು ಹೊರಬಿಟ್ಟು, ವಾಹನಕ್ಕೆ ತಾಗಿ ಮರಳಿದ ತರಂಗದೊಡನೆ ಅದನ್ನು ಬೆರೆಸಿ, ಎರಡರ ಆವೃತ್ತಿಯ ವ್ಯತ್ಯಾಸವನ್ನು ಔಟ್‌ಪುಟ್ ಆಗಿ ಕೊಡುತ್ತದೆ. ಗಂಟೆಗೆ ಒಂದು ಕಿಲೋಮೀಟರ್ ವೇಗಕ್ಕೆ ಸುಮಾರು 19.5 ಹರ್ಟ್ಸ್ ಲೆಕ್ಕ. ಹಾಗಾಗಿ 30 ಕಿ.ಮೀ. ವೇಗದ ಕಾರು 585 ಹರ್ಟ್ಸ್ ಆಸುಪಾಸಿನ, ಕಿವಿಗೆ ಕೇಳಿಸಬಲ್ಲ ಸ್ವರವೊಂದನ್ನು ಹುಟ್ಟಿಸುತ್ತದೆ. ಈ ಸಂಕೇತ ತೀರಾ ಕ್ಷೀಣವಾದ್ದರಿಂದ ಅದನ್ನು ಹಿಗ್ಗಿಸುವ ಆಂಪ್ಲಿಫೈಯರ್ ಇಲ್ಲದೆ ಏನೂ ನಡೆಯದು. ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಪೇಟೆಯಾದ ಎಸ್.ಪಿ. ರೋಡಿನ ಯಾವ ಅಂಗಡಿಯಲ್ಲಾದರೂ ಸಿಗುವ ಎಲ್ಎಂ358 ಚಿಪ್ಪಿನಲ್ಲಿ ಎರಡು ಹಂತದ ಆಂಪ್ಲಿಫೈಯರ್ ಬೆಸುಗೆ ಹಾಕಿಕೊಳ್ಳಬಹುದು. ಲೆಕ್ಕ ಹಾಕಲು ಬಳಸುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಇಂಥ ಏರಿಳಿಯುವ ಸಂಕೇತವನ್ನು ನೇರವಾಗಿ ಓದುವ ಅನಲಾಗ್ ಇನ್‌ಪುಟ್ ಇಲ್ಲವಾದ್ದರಿಂದ, ಯುಎಸ್‌ಬಿ ಸೌಂಡ್ ಕಾರ್ಡಿನ ಮೈಕ್ ಕಿಂಡಿಯ ಮೂಲಕ ಸಂಕೇತವನ್ನು ಒಳಗೆ ಕಳಿಸುವುದು ಎಲ್ಲಕ್ಕಿಂತ ಸಲೀಸು. ಸೆಕೆಂಡಿಗೆ 8000 ಮಾದರಿಗಳಂತೆ ಓದಿಕೊಂಡು, 1024 ಮಾದರಿಗಳಿಗೊಮ್ಮೆ, ಸಂಕೇತದಲ್ಲಿ ಯಾವ ಯಾವ ಸ್ವರಗಳಿವೆ ಎಂದು ಬಿಡಿಸಿ ತೋರಿಸುವ ಫೂರಿಯೇ ಲೆಕ್ಕ ಹಾಕಿದರೆ ಗಂಟೆಗೆ ಅರ್ಧ ಕಿಲೋಮೀಟರಿಗಿಂತ ಕಡಿಮೆ ವ್ಯತ್ಯಾಸದ ವೇಗಗಳನ್ನೂ ಬೇರ್ಪಡಿಸಬಹುದು. ಮನೆಬಳಕೆಗೆ ಇಷ್ಟು ಸೂಕ್ಷ್ಮತೆ ಧಾರಾಳವಾಯಿತು.

ತೊಡಕು ಇರುವುದು ಕೋನದಲ್ಲಿ. ರಾಡಾರ್ ಅಳೆಯುವುದು ವಾಹನ ತನ್ನತ್ತ ಬರುವ ಅಥವಾ ತನ್ನಿಂದ ದೂರ ಸರಿಯುವ ವೇಗವನ್ನು ಮಾತ್ರ. ರಸ್ತೆಯ ನಡುವೆ ನಿಲ್ಲಿಸಲಾಗದ ಕಾರಣ ನಾವು ಅದನ್ನು ಪಕ್ಕದಿಂದ ಓರೆಯಾಗಿ ನೋಡಿಸುತ್ತೇವೆ. ಆಗ ಕಾಣುವುದು ನಿಜವಾದ ವೇಗವನ್ನು ಆ ಕೋನದ ಕೊಸೈನ್‌ನಿಂದ ಗುಣಿಸಿದಷ್ಟು. 25 ಡಿಗ್ರಿ ಓರೆಯಲ್ಲಿ 40 ಕಿ.ಮೀ. ವೇಗದ ಕಾರು 36 ಎಂದು ತೋರುತ್ತದೆ, 45 ಡಿಗ್ರಿಯಲ್ಲಿ 28ಕ್ಕೆ ಇಳಿಯುತ್ತದೆ. ತಪ್ಪು ಯಾವಾಗಲೂ ಚಾಲಕನ ಪರವಾಗಿಯೇ ಇರುತ್ತದೆ ಎಂಬುದೊಂದು ಸಮಾಧಾನ. ಎಚ್‌ಬಿ100ರ ಕಿರಣ ಅಡ್ಡಕ್ಕೆ ಸುಮಾರು 80 ಡಿಗ್ರಿಯಷ್ಟು ಹರಡಿಕೊಳ್ಳುವುದರಿಂದ, ವಾಹನ ಹತ್ತಿರವಾದಂತೆ ಕೋನ ದೊಡ್ಡದಾಗುತ್ತಾ ಸ್ವರ ಕೆಳಕ್ಕೆ ಜಾರುತ್ತದೆ. ಆದ್ದರಿಂದ ಒಂದು ವಾಹನದ ಎಲ್ಲ ಓದುಗಳ ಸರಾಸರಿ ತೆಗೆಯುವ ಬದಲು, ಅದು ಇನ್ನೂ ದೂರವಿರುವಾಗ ಸ್ಥಿರವಾಗಿ ಬಂದ ಗರಿಷ್ಠ ಓದನ್ನು ಇಟ್ಟುಕೊಳ್ಳುವುದು ಸರಿಯಾದ ಕ್ರಮ.

ಓದು ಸರಿಯಿದೆಯೇ ಎಂದು ಪರೀಕ್ಷಿಸಲು ಒಂದು ಸೊಗಸಾದ ಉಪಾಯವಿದೆ. ಪೊಲೀಸರ ರಾಡಾರ್ ಗನ್ನುಗಳ ತಪಾಸಣೆಗೂ ಇದೇ ತತ್ತ್ವ ಬಳಕೆಯಲ್ಲಿದೆ. ಪಿಯುಸಿ ಭೌತಶಾಸ್ತ್ರ ಪ್ರಯೋಗಾಲಯದ 512 ಹರ್ಟ್ಸ್ ಟ್ಯೂನಿಂಗ್ ಫೋರ್ಕನ್ನು ರಬ್ಬರಿಗೆ ತಟ್ಟಿ ಮಾಡ್ಯೂಲಿನ ಮುಂದೆ ಹಿಡಿದರೆ, ಅದರ ಕವಲುಗಳ ಕಂಪನವನ್ನೇ ವೇಗವೆಂದು ತಿಳಿದು ಪರದೆಯ ಮೇಲೆ 26 ಕಿ.ಮೀ. ಮೂಡುತ್ತದೆ, 256ರ ಫೋರ್ಕಿಗೆ 13. ಅಡುಗೆಮನೆಯ ಮೇಜಿನ ಮೇಲೆ ಕೈಯಲ್ಲಿ ಹಿಡಿದ ಉಕ್ಕಿನ ತುಂಡೊಂದು ಆಟೋರಿಕ್ಷಾದ ವೇಗದಲ್ಲಿ ಓಡುವುದನ್ನು ನೋಡಿ ನಮ್ಮ ಮನೆಯವರೆಲ್ಲ ನಕ್ಕರು. ಇದರಿಂದ ತಿಳಿಯುವುದು ಆಂಪ್ಲಿಫೈಯರ್ ಮತ್ತು ಲೆಕ್ಕ ಸರಿಯಿವೆ ಎಂದಷ್ಟೇ. ಕೋನದ ತಿದ್ದುಪಡಿಗೆ ಪರಿಚಿತರೊಬ್ಬರ ಕಾರನ್ನು ಮೊಬೈಲಿನ ಜಿಪಿಎಸ್ ವೇಗ ನೋಡಿಕೊಂಡು ಓಡಿಸಲೇಬೇಕು. ಕಾರಿನ ಸ್ಪೀಡೋಮೀಟರ್ ಸಾಮಾನ್ಯವಾಗಿ ತುಸು ಹೆಚ್ಚೇ ತೋರಿಸುವುದರಿಂದ ಅದನ್ನು ನಂಬುವಂತಿಲ್ಲ.

ದೋಷಗಳೂ ಕಡಿಮೆಯಿಲ್ಲ. ಹತ್ತಿರದಲ್ಲಿ ಟ್ಯೂಬ್‌ಲೈಟ್ ಇದ್ದರೆ ಅದರ 100 ಹರ್ಟ್ಸ್ ಮಿಡಿತ 5 ಕಿ.ಮೀ. ವೇಗದ ಭೂತವಾಗಿ ದಾಖಲಾಗುತ್ತದೆ. ಜೋರು ಮಳೆಯ ಹೊತ್ತಿನ ಓದುಗಳನ್ನು ಕೈಬಿಡುವುದೇ ಲೇಸು. ಕಿಟಕಿಯ ಕಬ್ಬಿಣದ ಸರಳುಗಳ ಹಿಂದೆ ಇಟ್ಟರೆ ಕಿರಣ ಅಲ್ಲೇ ಚದುರುತ್ತದೆ, ಪ್ಲಾಸ್ಟಿಕ್ ಡಬ್ಬಿಯೊಳಗಿಂದಾದರೆ ತೊಂದರೆಯಿಲ್ಲದೆ ಹಾಯುತ್ತದೆ. ಟ್ಯಾಂಕರಿನ ಬೆನ್ನಿಗೇ ಬಂದ ಸ್ಕೂಟರು ಲೆಕ್ಕಕ್ಕೆ ಸಿಗುವುದಿಲ್ಲ, ಏಕೆಂದರೆ ದೊಡ್ಡ ಲೋಹದ ಮೈಯಿಂದ ಮರಳುವ ಸಂಕೇತ ಚಿಕ್ಕದನ್ನು ಮುಳುಗಿಸಿಬಿಡುತ್ತದೆ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ಒಂದೇ ಔಟ್‌ಪುಟ್ ಇರುವ ಈ ಮಾಡ್ಯೂಲಿಗೆ ವಾಹನ ಬರುತ್ತಿದೆಯೋ ಹೋಗುತ್ತಿದೆಯೋ ಗೊತ್ತಾಗುವುದಿಲ್ಲ.

ಕ್ಯಾಮೆರಾ ಏಕೆ ಬೇಡ ಎಂದು ಹಲವರು ಕೇಳುತ್ತಾರೆ. ರಸ್ತೆಯಲ್ಲಿ 10 ಮೀಟರ್ ಅಂತರದ ಎರಡು ಗುರುತುಗಳ ನಡುವೆ ವಾಹನ ಎಷ್ಟು ಚಿತ್ರಗಳಲ್ಲಿ ದಾಟಿತೆಂದು ಎಣಿಸುವ ವಿಧಾನ ಲೆಕ್ಕದಲ್ಲಿ ಚೆನ್ನಾಗಿಯೇ ಇದೆ: ಸೆಕೆಂಡಿಗೆ 30 ಚಿತ್ರ ತೆಗೆದರೆ, 36 ಕಿ.ಮೀ. ವೇಗದಲ್ಲಿ ಒಂದು ಚಿತ್ರದ ತಪ್ಪಿಗೆ ಶೇ. 3ರಷ್ಟು ವ್ಯತ್ಯಾಸ. ಆದರೆ ಹೊಂಗೆ ಮರದ ಅಲುಗಾಡುವ ನೆರಳು, ರಾತ್ರಿಯ ಹೆಡ್‌ಲೈಟ್, ರಸ್ತೆಬದಿಯಲ್ಲಿ ನಿಂತ ಕಾರುಗಳು ಇದ್ದಲ್ಲಿ ಅದನ್ನು ಹದಕ್ಕೆ ತರುವುದು ಕಷ್ಟ. ಮೇಲಾಗಿ ಎದುರುಮನೆಯ ಗೇಟಿಗೆ ನೇರವಾಗಿ ಕ್ಯಾಮೆರಾ ನೆಟ್ಟರೆ ನೆರೆಹೊರೆಯವರಿಗೆ ಇಷ್ಟವಾಗುವುದಿಲ್ಲ, ಆಗಲೂಬಾರದು. ಮುಖ, ನಂಬರ್ ಪ್ಲೇಟ್ ಯಾವುದನ್ನೂ ನೋಡದೆ ಬರೀ ವೇಗವನ್ನು ಬರೆದಿಡುವ ರಾಡಾರ್ ನನ್ನ ಮಟ್ಟಿಗೆ ಹೆಚ್ಚು ಸಭ್ಯವಾದ ಸಾಧನ.

ಈ ದಾಖಲೆಯಿಂದ ಯಾರಿಗೂ ದಂಡ ಬೀಳುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿದ 167ಎ ನಿಯಮದಂತೆ, ಚಲನ್ ಹಾಕಲು ಬಳಸುವ ವಿದ್ಯುನ್ಮಾನ ಸಾಧನಕ್ಕೆ ಅನುಮೋದನೆ ಪತ್ರವಿರಬೇಕು ಮತ್ತು ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಆದರೂ ಗಂಟೆವಾರು ವೇಗದ ಪಟ್ಟಿ, ಜೊತೆಗೆ ನೂರರಲ್ಲಿ 85 ವಾಹನಗಳು ಯಾವ ವೇಗವನ್ನು ಮೀರುವುದಿಲ್ಲವೋ ಆ ಅಂಕಿ, ಇವೆರಡನ್ನು ಲಗತ್ತಿಸಿದ ಮನವಿಗೆ ಸಂಚಾರ ಪೊಲೀಸ್ ಠಾಣೆಯಲ್ಲಿ ಸಿಗುವ ಗಮನ, ‘ಎಲ್ಲರೂ ಜೋರಾಗಿ ಓಡಿಸುತ್ತಾರೆ ಸಾರ್’ ಎಂಬ ಮಾತಿಗೆ ಸಿಗದು. ನಮ್ಮ ರಸ್ತೆಯಲ್ಲಿ ಅತಿವೇಗ ಕಂಡದ್ದು ಎಲ್ಲರೂ ಬೈಯುತ್ತಿದ್ದ ಸಂಜೆಯ ದಟ್ಟಣೆಯಲ್ಲಲ್ಲ, ಹಾಲಿನವರು ಬರುವ ನಸುಕಿನ ಖಾಲಿ ಹೊತ್ತಿನಲ್ಲಿ. ವೇಗ ತಗ್ಗಿಸಲು ರಸ್ತೆ ಉಬ್ಬು ಹಾಕಿಕೊಡಿ ಎಂದು ಕೇಳುವವರು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 99 ಮಾನದಂಡವನ್ನೂ ಹೆಸರಿಸಿ ಕೇಳುವುದು ಒಳ್ಳೆಯದು: ಉಬ್ಬಿನ ಅಗಲ, ಎತ್ತರ ಎಷ್ಟಿರಬೇಕೆಂಬುದು ಅದರಲ್ಲಿದೆ. ಇಲ್ಲವಾದರೆ ರಾತ್ರೋರಾತ್ರಿ ಸೊಂಟ ಮುರಿಯುವ ಡಾಂಬರಿನ ಗುಡ್ಡೆಯೊಂದು ಎದ್ದು ನಿಲ್ಲುತ್ತದೆ.

ಏಕಮುಖ ಸಂಚಾರದ ಅಥವಾ ಕಿರಿದಾದ ಅಡ್ಡರಸ್ತೆಯಿದ್ದು, ಬೆಸುಗೆಯ ಕೆಲಸ ಗೊತ್ತಿದ್ದವರು ಎಚ್‌ಬಿ100 ಕೊಳ್ಳಲು ಅಡ್ಡಿಯಿಲ್ಲ; ಎರಡು ತಂದಿಟ್ಟುಕೊಂಡರೆ ಒಂದು ಕೆಟ್ಟಾಗ ಮತ್ತೆ ಎಸ್.ಪಿ. ರೋಡಿನ ಜಂಗುಳಿಯಲ್ಲಿ ಅಲೆಯುವುದು ತಪ್ಪುತ್ತದೆ. ಎರಡೂ ದಿಕ್ಕಿನ ಲೆಕ್ಕ ಬೇರೆಬೇರೆಯಾಗಿ ಬೇಕೆನ್ನುವವರು, ಬೆಸುಗೆಯ ಗೊಡವೆಯೇ ಬೇಡವೆನ್ನುವವರು, ವೇಗ ಮತ್ತು ದಿಕ್ಕನ್ನು ನೇರವಾಗಿ ಯುಎಸ್‌ಬಿ ಮೂಲಕ ಕೊಡುವ 24 ಗಿಗಾಹರ್ಟ್ಸ್‌ನ ಓಪಿಎಸ್243 ಬಗೆಯ ಸಿದ್ಧ ಸೆನ್ಸರ್ ನೋಡಬಹುದು. ಅದರ ಬೆಲೆ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ವಿದೇಶದಿಂದ ತರಿಸಿದರೆ ಸುಂಕವೂ ಮೇಲೆ ಬೀಳುತ್ತದೆ. ಹಾಗಾಗಿ ಅದನ್ನು ಒಬ್ಬರೇ ಕೊಳ್ಳುವ ಬದಲು ಬಡಾವಣೆಯ ಸಂಘದಿಂದ ಕೊಂಡು ರಸ್ತೆಯಿಂದ ರಸ್ತೆಗೆ ಸಾಗಿಸಿ ಬಳಸುವುದು ಸೂಕ್ತ.