ಆರ್‌ನಲ್ಲಿ ತಾರೀಖಿನ ಗ್ರಾಫ್: ಡ್ಯಾಂ ಮಟ್ಟಕ್ಕೆ ಯಾವುದು, ಹತ್ತಿ ರೇಟಿಗೆ ಯಾವುದು?

ಒಂದು ಫೈಲ್‌ನಲ್ಲಿ ತುಂಗಭದ್ರಾ ಜಲಾಶಯದ ದಿನದ ನೀರಿನ ಮಟ್ಟ, ಇನ್ನೊಂದರಲ್ಲಿ ರಾಯಚೂರು ಎಪಿಎಂಸಿಯ ಹತ್ತಿ ಧಾರಣೆ. ಎರಡರಲ್ಲೂ ಅಡ್ಡ ಅಕ್ಷಕ್ಕೆ ಬರುವುದು ತಾರೀಖೇ, ಆದರೆ ಸ್ವಭಾವ ಬೇರೆ. ಡ್ಯಾಂ ಮಟ್ಟ ಪ್ರತಿದಿನ ದಾಖಲಾಗುತ್ತದೆ. ಮಾರುಕಟ್ಟೆಗೆ ಭಾನುವಾರ, ಹಬ್ಬ ಎಂದು ರಜೆ ಇರುತ್ತದೆ. ಸೀಸನ್ ಮುಗಿದರೆ ವಾರಗಟ್ಟಲೆ ಆವಕವೇ ಇರುವುದಿಲ್ಲ. ಅಂಕಿಅಂಶ ವಿಶ್ಲೇಷಣೆಯ ಪ್ರೋಗ್ರಾಮಿಂಗ್ ಭಾಷೆಯಾದ ಆರ್ ಜತೆಗೇ ಬರುವ ಬೇಸ್ ಗ್ರಾಫಿಕ್ಸ್, ಬೇರೆಯಾಗಿ ಹಾಕಿಕೊಳ್ಳಬೇಕಾದ ಜಿಜಿಪ್ಲಾಟ್2, ಎಕ್ಸ್‌ಟಿಎಸ್ ಪ್ಯಾಕೇಜುಗಳು – ಈ ಮೂರರಲ್ಲೂ ಇವೇ ಎರಡು ಫೈಲ್ ಹಾಕಿ ನೋಡಿದಾಗ ಎಲ್ಲಿ ಯಾವುದು ಸಲೀಸು, ಎಲ್ಲಿ ಯಾವುದು ದಾರಿ ತಪ್ಪಿಸುತ್ತದೆ ಎಂಬುದು ಗೊತ್ತಾಗುತ್ತದೆ.

ಮೊದಲು ತಾರೀಖನ್ನು ಸರಿಯಾಗಿ ಓದಿಸಬೇಕು. ಇಲ್ಲಿ ಎಡವಿದರೆ ಮೂರರಲ್ಲಿ ಯಾವುದೂ ಕಾಪಾಡುವುದಿಲ್ಲ. ಆರ್ ಪಾಲಿಗೆ ತಾರೀಖು ಅಂದರೆ 1970ರ ಜನವರಿ 1ರಿಂದ ಎಣಿಸಿದ ದಿನಗಳ ಸಂಖ್ಯೆ. 2024ರ ಆಗಸ್ಟ್ 10 ಎಂದರೆ 19945. ನಮ್ಮ ಕಡೆ ಶೀಟ್‌ಗಳಲ್ಲಿ 10-08-2024 ಎಂದು ದಿನ ಮೊದಲು ಬರೆಯುವುದು ರೂಢಿ. ಫಾರ್ಮ್ಯಾಟ್ ಹೇಳದೆ ಇದನ್ನು ಅಕ್ಷರವನ್ನು ತಾರೀಖು ಮಾಡುವ ಆ್ಯಸ್.ಡೇಟ್ ಫಂಕ್ಷನ್‌ಗೆ ಕೊಟ್ಟರೆ ಎರರ್ ಬರುವುದಿಲ್ಲ, 0010-08-20 ಎಂಬ ಉತ್ತರ ಬರುತ್ತದೆ. ಮೊದಲ 10 ಅನ್ನು ವರ್ಷ ಎಂದೂ 2024ರ ಮೊದಲ ಎರಡಂಕಿ 20 ಅನ್ನು ದಿನ ಎಂದೂ ಓದಿ, ಉಳಿದ 24 ಅನ್ನು ಬಿಟ್ಟುಬಿಡುತ್ತದೆ. ಎಲ್ಲಾ ಸಾಲಿನಲ್ಲೂ ತಾರೀಖು 20 ಎಂದೇ ಕಂಡರೆ, ಅಕ್ಷದ ಮೇಲೆ ವರ್ಷ 1ರಿಂದ 31ರ ತನಕ ಹರಡಿದ್ದರೆ, ಕಾರಣ ಇದೇ. ಫಾರ್ಮ್ಯಾಟ್ ಕೊಟ್ಟಾಗಲೂ ವರ್ಷಕ್ಕೆ ಕ್ಯಾಪಿಟಲ್ ವೈ ಬೇಕು. ಸಣ್ಣ ವೈ ಹಾಕಿದರೆ ಅದು ಎರಡಂಕಿ ಮಾತ್ರ ಓದಿ 2024 ಅನ್ನು ಸದ್ದಿಲ್ಲದೆ 2020 ಮಾಡುತ್ತದೆ. ಎಕ್ಸೆಲ್‌ನಿಂದ ಬಂದ ಕಾಲಂನಲ್ಲಿ 45514 ಥರದ ಸಂಖ್ಯೆ ಇದ್ದರೆ ಆರಿಜಿನ್ (ಎಣಿಕೆ ಶುರುವಾಗುವ ದಿನ) 1899-12-30 ಎಂದು ಕೊಡಿ. ಅದೇ ಆಗಸ್ಟ್ 10 ಸಿಗುತ್ತದೆ. ಗಂಟೆ ಗಂಟೆಯ ಒಳಹರಿವಿನ ಅಂಕಿಯಾದರೆ ಟೈಮ್‌ಝೋನ್ ಏಷ್ಯಾ/ಕೋಲ್ಕತಾ ಎಂದು ಬಾಯಿಬಿಟ್ಟು ಹೇಳಬೇಕು. ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಲೆಕ್ಕಕ್ಕೆ ಹೋದರೆ ಬೆಳಗಿನ 5.30ಕ್ಕೂ ಮುಂಚಿನ ಓದುಗಳೆಲ್ಲ ಹಿಂದಿನ ದಿನಕ್ಕೆ ಸೇರಿಕೊಳ್ಳುತ್ತವೆ.

ಬೇಸ್‌ನ ಪ್ಲಾಟ್‌ಗೆ ಡೇಟ್ ಕಾಲಂ ಕೊಟ್ಟರೆ ಅಕ್ಷ ತಾನೇ ಬರುತ್ತದೆ, ಆದರೆ ಅಕ್ಷದ ಮೇಲಿನ ಗುರುತಿನ ಗೆರೆ ಎಲ್ಲಿ ಹಾಕಬೇಕೆಂಬ ತೀರ್ಮಾನ ಅದರದೇ. ನಮಗೆ ಬೇಕಾದ ಕಡೆ ಬೇಕೆಂದರೆ ಎಕ್ಸ್‌ಎಎಕ್ಸ್‌ಟಿಗೆ ಎನ್ ಕೊಟ್ಟು ಅಕ್ಷ ತಾನಾಗಿ ಬರದಂತೆ ತಡೆದು, ಆಮೇಲೆ ಆ್ಯಕ್ಸಿಸ್.ಡೇಟ್‌ನಲ್ಲಿ ಸ್ಥಾನ ಮತ್ತು ಫಾರ್ಮ್ಯಾಟ್ ಎರಡನ್ನೂ ಕೊಡಬೇಕು. ಸ್ಥಾನಗಳನ್ನು ಸೀಕ್ವೆನ್ಸ್‌ನಿಂದ ತಿಂಗಳ ಲೆಕ್ಕದಲ್ಲಿ ಮಾಡುವಾಗ ಶುರು ಯಾವತ್ತೂ 1ನೇ ತಾರೀಖಿರಲಿ. ಡೇಟಾ ಜೂನ್ 3ರಿಂದ ಶುರುವಾಗಿದ್ದರೆ, ಅದರ ಕನಿಷ್ಠ ತಾರೀಖನ್ನೇ ಕೊಟ್ಟವರಿಗೆ ಎಲ್ಲಾ ಗೆರೆಗಳೂ 3ನೇ ತಾರೀಖಿಗೆ ಬೀಳುತ್ತವೆ, ಲೇಬಲ್ ಮಾತ್ರ ಬರೀ ಜೂನ್, ಜುಲೈ ಎನ್ನುತ್ತದೆ. 2024ರ ಜನವರಿ 31ರಿಂದ ಶುರು ಮಾಡಿದರೆ ಇನ್ನೂ ಕಷ್ಟ: ಮುಂದಿನ ಗೆರೆ ಫೆಬ್ರವರಿ ದಾಟಿ ಮಾರ್ಚ್ 2ಕ್ಕೆ ಹೋಗಿ ನಿಲ್ಲುತ್ತದೆ.

ಬೇಸ್‌ನ ಇನ್ನೊಂದು ಗುಣ, ಲೇಬಲ್ ಒಂದರ ಮೇಲೊಂದು ಬರುವಂತಿದ್ದರೆ ಕೆಲವನ್ನು ಹೇಳದೆ ಕೇಳದೆ ಕೈಬಿಡುತ್ತದೆ. ಹನ್ನೆರಡು ಗೆರೆ, ಏಳೇ ಹೆಸರು. ಲೇಬಲ್ ಅಡ್ಡಲಾಗಿದ್ದರೆ ಅಕ್ಷದ ಅಕ್ಷರವನ್ನು 0.8ಕ್ಕೆ ಇಳಿಸಿ, ಇಲ್ಲವೇ ಎಲ್‌ಎಎಸ್ 2 ಕೊಟ್ಟು ಲಂಬವಾಗಿ ನಿಲ್ಲಿಸಿ, ಕೆಳಗಿನ ಮಾರ್ಜಿನ್ 5.1ರಿಂದ 7ಕ್ಕೆ ಏರಿಸಿ. ಮಾರ್ಜಿನ್ ಏರಿಸದಿದ್ದರೆ ವರ್ಷದ ಅಂಕಿ ಕತ್ತರಿಸಿಹೋಗುತ್ತದೆ. ತಾರೀಖು ಕ್ರಮದಲ್ಲಿಲ್ಲದ ಫೈಲ್‌ಗೆ ಗೆರೆ ಎಳೆದರೆ ಬೇಸ್ ಹಿಂದೆ ಮುಂದೆ ಓಡಾಡಿ ಜೇಡರ ಬಲೆ ಮಾಡುತ್ತದೆ; ಮೊದಲು ಆರ್ಡರ್‌ನಿಂದ ಜೋಡಿಸಿಕೊಳ್ಳಿ. ಮಳೆಗೆ ಕಂಬದ ಚಿತ್ರ ಬೇಕೆಂದು ಬಾರ್‌ಪ್ಲಾಟ್ ಬಳಸಬೇಡಿ. ಅದರ ಕಂಬಗಳು ನಿಲ್ಲುವುದು 0.7, 1.9, 3.1 ಎಂಬ ಸ್ಥಾನಗಳಲ್ಲಿ. ತಾರೀಖಿನ ಅಕ್ಷ ಹುಡುಕುವುದು 19945ರ ಆಸುಪಾಸು. ಹಾಗಾಗಿ ಅಕ್ಷ ಕಾಣುವುದೇ ಇಲ್ಲ. ಪ್ಲಾಟ್‌ನಲ್ಲೇ ಟೈಪ್ ಎಚ್ ಕೊಟ್ಟು ಗೆರೆ ದಪ್ಪ ಮಾಡಿದರೆ ಸಾಕು.

ಡ್ಯಾಂ ಮಟ್ಟಕ್ಕೆ ನಮ್ಮ ಆಯ್ಕೆ ಜಿಜಿಪ್ಲಾಟ್2. ಜಿಯೋಮ್_ಲೈನ್ ತಾರೀಖಿನ ಕ್ರಮ ತಾನೇ ಸರಿಪಡಿಸಿಕೊಳ್ಳುತ್ತದೆ. ಸ್ಕೇಲ್_ಎಕ್ಸ್_ಡೇಟ್‌ನಲ್ಲಿ ಡೇಟ್_ಬ್ರೇಕ್ಸ್ (ಮುಖ್ಯ ಗೆರೆಗಳ ಅಂತರ) ಒಂದು ತಿಂಗಳು, ಡೇಟ್_ಮೈನರ್_ಬ್ರೇಕ್ಸ್ (ನಡುವಿನ ಸಣ್ಣ ಗೆರೆಗಳ ಅಂತರ) ಒಂದು ವಾರ ಎಂದು ಬರೆದರೆ ಗೆರೆಗಳು ತಿಂಗಳ 1ಕ್ಕೇ ಕೂರುತ್ತವೆ, ಹಿನ್ನೆಲೆಯ ಗ್ರಿಡ್ ಕೂಡ ಅದಕ್ಕೇ ಹೊಂದುತ್ತದೆ. ಸ್ಕೇಲ್ಸ್ ಪ್ಯಾಕೇಜಿನ ಲೇಬಲ್_ಡೇಟ್_ಶಾರ್ಟ್ ಕೊಟ್ಟರೆ ವರ್ಷ ಮೊದಲ ಲೇಬಲ್‌ನಲ್ಲಿ ಮತ್ತು ವರ್ಷ ಬದಲಾದಲ್ಲಿ ಮಾತ್ರ ಬರುತ್ತದೆ. ಜಾಗ ಎಷ್ಟೋ ಉಳಿಯುತ್ತದೆ. ಅಕ್ಷದ ಎರಡೂ ತುದಿಗೆ ಶೇ 5ರಷ್ಟು ಖಾಲಿ ಜಾಗ ಬಿಡುವುದು ಅದರ ರೂಢಿ. ಬೇಡವೆಂದರೆ ಎಕ್ಸ್‌ಪ್ಯಾಂಡ್‌ಗೆ ಸೊನ್ನೆ ಕೊಡಿ.

ಜಲಾಶಯದ 33 ಕ್ರಸ್ಟ್ ಗೇಟ್‌ಗಳಲ್ಲಿ 19ನೆಯದು ಕೊಚ್ಚಿಹೋದದ್ದು 2024ರ ಆಗಸ್ಟ್ 10ರ ರಾತ್ರಿ. ಗೇಟಿನ ಮೇಲಿನ ಒತ್ತಡ ಇಳಿಸಲು ನೀರು ಹೊರಬಿಟ್ಟ ಆ ದಿನಗಳ ಇಳಿತ ವರ್ಷದ ಗ್ರಾಫ್‌ನಲ್ಲಿ ಒಂದು ಚಿಕ್ಕ ಕಚ್ಚಿನಂತೆ ಮಾತ್ರ ಕಾಣುತ್ತದೆ. ಅಲ್ಲಿ ಜೂಮ್ ಮಾಡಬೇಕಾದರೆ ಸ್ಕೇಲ್‌ನ ಲಿಮಿಟ್ಸ್ ಬಳಸಬೇಡಿ. ಅದು ಆಚೆಯ ಸಾಲುಗಳನ್ನು ತೆಗೆದುಹಾಕಿ ಎಚ್ಚರಿಕೆಯ ಒಂದು ಸಾಲು ಬರೆಯುತ್ತದೆ ಅಷ್ಟೆ. ಜತೆಗೆ ಸ್ಮೂತ್ ಗೆರೆ ಇದ್ದರೆ ಅದರ ಆಕಾರವೇ ಬದಲಾಗುತ್ತದೆ. ಕೋಆರ್ಡ್_ಕಾರ್ಟೀಸಿಯನ್‌ನಲ್ಲಿ ಎಕ್ಸ್‌ಲಿಮ್ ಕೊಟ್ಟರೆ ಡೇಟಾ ಹಾಗೇ ಇದ್ದು ನೋಟ ಮಾತ್ರ ಹತ್ತಿರವಾಗುತ್ತದೆ. ಆ ದಿನಕ್ಕೆ ಲಂಬ ಗೆರೆ ಎಳೆಯುವಾಗ ತಾರೀಖನ್ನು ಬರೀ ಅಕ್ಷರವಾಗಿ ಕೊಡದೆ ಆ್ಯಸ್.ಡೇಟ್‌ನಲ್ಲಿ ಸುತ್ತಿ ಕೊಡಿ. ಪೂರ್ಣ ಮಟ್ಟ 1633 ಅಡಿಗೆ ಅಡ್ಡಗೆರೆಯೊಂದನ್ನು ಎಳೆದುಬಿಟ್ಟರೆ ಓದುವವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ತಾರೀಖು ಇನ್ನೂ ಅಕ್ಷರರೂಪದಲ್ಲೇ ಉಳಿದಿದ್ದರೆ ಜಿಜಿಪ್ಲಾಟ್2 ಅದನ್ನು ಹೆಸರುಗಳೆಂದು ತಿಳಿದು 365 ಲೇಬಲ್‌ಗಳನ್ನೂ ಒತ್ತೊತ್ತಾಗಿ ಬರೆಯುತ್ತದೆ. ಕೆಳಗೆ ಕಪ್ಪು ಪಟ್ಟಿ, ಮೇಲೆ ಗೆರೆಯೇ ಇಲ್ಲ. ಥೀಮ್‌ನಲ್ಲಿ ಲೇಬಲ್ ತಿರುಗಿಸುತ್ತಾ ಹೊತ್ತು ಕಳೆಯಬೇಡಿ, ಕಾಲಂನ ಕ್ಲಾಸ್ (ಡೇಟಾದ ಬಗೆ) ನೋಡಿ.

ವರ್ಷ ವರ್ಷಕ್ಕೆ ಹೋಲಿಸುವುದರಲ್ಲಂತೂ ಜಿಜಿಪ್ಲಾಟ್2ಗೆ ಸಾಟಿಯಿಲ್ಲ. ಜೂನ್‌ನಿಂದ ಮೇ ತನಕದ ಜಲವರ್ಷವನ್ನು ಒಂದರ ಮೇಲೊಂದು ಕೂರಿಸಲು ಪ್ರತಿ ತಾರೀಖಿನ ವರ್ಷವನ್ನು ಕೃತಕವಾಗಿ ಬದಲಿಸಿ: ಜೂನ್–ಡಿಸೆಂಬರ್‌ಗೆ 2023, ಜನವರಿ–ಮೇಗೆ 2024. ಈ ಜೋಡಿಯೇ ಏಕೆಂದರೆ 2024ರಲ್ಲಿ ಫೆಬ್ರವರಿ 29 ಇದೆ. ಅಧಿಕ ವರ್ಷವಲ್ಲದ್ದನ್ನು ಆರಿಸಿದರೆ ಆ ದಿನದ ಓದು ಎನ್‌ಎ (ಬೆಲೆಯಿಲ್ಲದ ಖಾಲಿ ಜಾಗ) ಆಗಿ ಕಳೆದುಹೋಗುತ್ತದೆ. ನಿಜವಾದ ಜಲವರ್ಷವನ್ನು ಬೇರೆ ಕಾಲಂನಲ್ಲಿಟ್ಟು, ಫ್ಯಾಕ್ಟರ್ (ಬೇರೆ ಬೇರೆ ವರ್ಗ) ಮಾಡಿ ಬಣ್ಣಕ್ಕೆ ಕೊಡಿ. ಸಂಖ್ಯೆಯಾಗೇ ಬಿಟ್ಟರೆ ಎಲ್ಲಾ ವರ್ಷ ಒಂದೇ ಗೆರೆಯಾಗಿ ಗರಗಸದ ಹಲ್ಲಿನಂತೆ ಏರಿಳಿಯುತ್ತದೆ. ಇದನ್ನೇ ಬೇಸ್‌ನಲ್ಲಿ ಮಾಡಬಹುದು, ಆದರೆ ಮೊದಲ ಪ್ಲಾಟ್‌ಗೇ ಎಲ್ಲಾ ವರ್ಷಗಳ ವೈಲಿಮ್ ಕೊಟ್ಟು, ವರ್ಷಕ್ಕೊಂದು ಲೈನ್ಸ್, ಆಮೇಲೆ ಲೆಜೆಂಡ್ ಎಂದು ಎಲ್ಲಾ ಕೈಯಾರೆ ಜೋಡಿಸಬೇಕು.

ಹತ್ತಿ ರೇಟಿಗೆ ಬಂದರೆ ಲೆಕ್ಕ ಬದಲಾಗುತ್ತದೆ. ಎಕ್ಸ್‌ಟಿಎಸ್ ವಸ್ತು ಮಾಡಿದ ಕೂಡಲೇ ಸಾಲುಗಳು ತಾರೀಖಿನ ಕ್ರಮಕ್ಕೆ ಬರುತ್ತವೆ. ಚೌಕಾವರಣದಲ್ಲಿ 2024-10/2025-01 ಎಂದು ಬರೆದರೆ ಆ ನಾಲ್ಕು ತಿಂಗಳು ಎದುರಿಗಿರುತ್ತದೆ. ಅಪ್ಲೈ.ಮಂತ್ಲಿ ತಿಂಗಳ ಸರಾಸರಿ ಕೊಡುತ್ತದೆ. ಬೇಗ ನೋಡುವುದಕ್ಕೆ ಇದಕ್ಕಿಂತ ಸುಲಭದ್ದಿಲ್ಲ. ಪ್ಲಾಟ್‌ನಲ್ಲಿ ಅಬ್ಸರ್ವೇಶನ್.ಬೇಸ್ಡ್ ಟ್ರೂ ಎಂದರೆ ರಜಾ ದಿನಗಳ ಜಾಗ ಮುಚ್ಚಿ ವಹಿವಾಟಿನ ದಿನಗಳು ಸಮಾನ ಅಂತರದಲ್ಲಿ ನಿಲ್ಲುತ್ತವೆ. ಒಂದೇ ಸೀಸನ್‌ಗೆ ಇದು ಒಳ್ಳೆಯದು. ಎರಡು ಸೀಸನ್ ಸೇರಿಸಿದಾಗ ಬೇಡ: ಹಳೇ ಸೀಸನ್‌ನ ಕೊನೆ ರೇಟಿನ ಪಕ್ಕದಲ್ಲೇ ಹೊಸ ಸೀಸನ್‌ನ ಮೊದಲ ರೇಟು ನಿಂತು, ಕ್ವಿಂಟಲ್ ಬೆಲೆ ರಾತ್ರೋರಾತ್ರಿ ಜಿಗಿದಂತೆ ತೋರುತ್ತದೆ. ಖಾಲಿ ದಿನಗಳನ್ನು, ಹಿಂದಿನ ಬೆಲೆಯನ್ನೇ ಮುಂದಕ್ಕೆ ಎಳೆಯುವ ಎನ್‌ಎ.ಎಲ್‌ಒಸಿಎಫ್‌ನಿಂದ ತುಂಬುವುದೂ ಬೇಡ, ಮಾರುಕಟ್ಟೆಯೇ ನಡೆಯದ ದಿನಕ್ಕೆ ರೇಟು ಹುಟ್ಟಿಸಿದಂತಾಗುತ್ತದೆ. ಎಕ್ಸ್‌ಟಿಎಸ್‌ನ ಚಿತ್ರಕ್ಕೆ ಎರಡೂ ಬದಿ ವೈ ಅಕ್ಷ, ಮೇಲೆ ಅವಧಿಯ ತಾರೀಖು ತಾನಾಗಿ ಬರುತ್ತವೆ. ಅದರ ಮೇಲೆ ಬೇಸ್‌ನ ಅಬ್‌ಲೈನ್ ನೆಚ್ಚಿಕೊಳ್ಳಬೇಡಿ, ಆ್ಯಡ್‌ಇವೆಂಟ್‌ಲೈನ್ಸ್ ಬಳಸಿ.

ಎರಡು ಸೀಸನ್‌ಗೆ ಜಿಜಿಪ್ಲಾಟ್2ನಲ್ಲೊಂದು ಉಪಾಯವಿದೆ. ತಾರೀಖುಗಳನ್ನು ಕ್ರಮವಾಗಿಟ್ಟು ಡಿಫ್‌ನಿಂದ ಅಂತರ ತೆಗೆಯಿರಿ, 10 ದಿನಕ್ಕಿಂತ ಹೆಚ್ಚಿದ್ದಲ್ಲೆಲ್ಲ ಕಮ್‌ಸಮ್‌ನಿಂದ ಸಂಖ್ಯೆ ಒಂದೊಂದು ಏರಿಸಿ, ಅದನ್ನು ಗ್ರೂಪ್‌ಗೆ ಕೊಡಿ. ಭಾನುವಾರ, ಹಬ್ಬದ ರಜೆ ದಾಟಿ ಗೆರೆ ಮುಂದುವರಿಯುತ್ತದೆ, ಸೀಸನ್ ಮುಗಿದಲ್ಲಿ ಕಡಿಯುತ್ತದೆ.

ಕೊನೆಗೆ ತಿಂಗಳ ಹೆಸರು ಕನ್ನಡದಲ್ಲಿ ಬರಬೇಕೆಂದರೆ ಲೊಕೇಲ್ (ಆರ್‌ನ ಭಾಷೆಯ ಸೆಟ್ಟಿಂಗ್) ಬದಲಿಸುವುದಕ್ಕಿಂತ, ಹನ್ನೆರಡು ಹೆಸರಿನ ಪಟ್ಟಿ ಮಾಡಿ ತಿಂಗಳ ಸಂಖ್ಯೆಯಿಂದ ಆರಿಸುವ ಚಿಕ್ಕ ಫಂಕ್ಷನ್ ಬರೆದು ಲೇಬಲ್ಸ್‌ಗೆ ಕೊಡುವುದು ಮೇಲು. ಲೊಕೇಲ್ ಕನ್ನಡವಾದರೆ, ಇಂಗ್ಲಿಷ್ ತಿಂಗಳ ಹೆಸರಿರುವ ಫೈಲ್ ಓದುವಾಗ ತಾರೀಖುಗಳು ಎನ್‌ಎ ಆಗುತ್ತವೆ. ಉಳಿಸುವಾಗ ಮಾಮೂಲಿ ಪಿಡಿಎಫ್ ಡಿವೈಸ್ ಕನ್ನಡ ಅಕ್ಷರಕ್ಕೆ ಚುಕ್ಕೆ ಹಾಕುತ್ತದೆ. ರ‍್ಯಾಗ್ ಪ್ಯಾಕೇಜಿನಿಂದ 300 ಡಿಪಿಐನ ಪಿಎನ್‌ಜಿ ಮಾಡಿ, ನೋಟೊ ಸಾನ್ಸ್ ಕನ್ನಡ ಫಾಂಟ್ ಕೊಡಿ; ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್‌ನ ಒತ್ತಕ್ಷರಗಳು ಒಡೆಯದೆ ಬರುತ್ತವೆ.