ಕನ್ನಡ ಹೆಸರುಗಳಿಗೆ ಪೋಸ್ಟ್‌ಗ್ರೆಸ್: 5ಕ್ಕೆ 4 ಸ್ಟಾರ್

ನಮ್ಮ ಸೊಸೈಟಿ ಮೆಂಬರ್ ಲಿಸ್ಟು ಪೋಸ್ಟ್‌ಗ್ರೆಸ್ ಅನ್ನೋ ಈ ಡೇಟಾಬೇಸ್ ಸಾಫ್ಟ್‌ವೇರ್‌ಗೆ ಹಾಕಿ ಎರಡ್ ತಿಂಗಳಾಯ್ತು. ಮೊದ್ಲು ಹೆಸರುಗಳನ್ನ ಅಕ್ಷರದ ನಂಬರ್ ಪ್ರಕಾರ ಜೋಡಿಸೋ ‘ಸಿ’ (C) ಕೊಲೇಶನ್‌ನಲ್ಲಿ ಇಟ್ಟಿದ್ದೆ, ಬಸವರಾಜಪ್ಪನಿಗಿಂತ ಮುಂಚೆ ಬಳ್ಳಾರಿ ಮಲ್ಲಪ್ಪ ಬರೋನು, ಯಾಕಂದ್ರೆ ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರಕ್ಕೂ ಇರೋ ಯುನಿಕೋಡ್ ನಂಬರಲ್ಲಿ ಳ ಅನ್ನೋದು ವ, ಸ ಎಲ್ಲಕ್ಕಿಂತ ಮೊದ್ಲೇ ಕೂತಿದೆ, ನಮ್ಮ ವರ್ಣಮಾಲೇಲಿ ಹ ಆದ್ಮೇಲೆ ತಾನೇ ಅದು ಬರೋದು. ಆಯಾ ಭಾಷೆಯ ಕ್ರಮದಲ್ಲೇ ಜೋಡಿಸೋ ಐಸಿಯು (ICU) ಕೊಲೇಶನ್ ಕೊಟ್ಟೆ, ಸರಿಹೋಯ್ತು, 10ನೇ ವರ್ಶನ್‌ನಿಂದಾನೇ ಇದೆ ಇದು.

ಸರ್ಚ್ ಮಾತ್ರ ತಲೆ ತಿಂತು ಕಣ್ರೀ. ಕಣ್ಣೆದುರೇ ಗೋಪಾಲ ಇದ್ದಾನೆ, ಹುಡುಕಿದ್ರೆ ಸೊನ್ನೆ! ಹಳೇ ಫಾಂಟಿಂದ ಕನ್ವರ್ಟ್ ಮಾಡಿದ ಡೇಟಾದಲ್ಲಿ ‘ಗೋ’ ಒಂದೇ ಆಗಿರದೆ ಗೊ ಬೇರೆ, ದೀರ್ಘ ಬೇರೆ ಕೂತಿತ್ತು. ಇಂಥದ್ದನ್ನ ಒಂದೇ ರೂಪಕ್ಕೆ ತರೋ, 13ನೇ ವರ್ಶನ್‌ನಲ್ಲಿ ಬಂದ ನಾರ್ಮಲೈಸ್ ಫಂಕ್ಷನ್ ಓಡಿಸಿದ್ಮೇಲೆ ಸಿಕ್ಕ. ರಾಜ್‌ಕುಮಾರ್ ಆಗ್ಲೂ ಸಿಗ್ಲಿಲ್ಲ, ಜ್ ಆದ್ಮೇಲೆ ಕಣ್ಣಿಗೆ ಕಾಣದ ಝೀರೋ ವಿಡ್ತ್ ಅಕ್ಷರ, ಅದನ್ನ ನಾರ್ಮಲೈಸ್ ಮುಟ್ಟಲ್ಲ, ನಾವೇ ರಿಪ್ಲೇಸ್ ಮಾಡ್ಬೇಕು. ಅದಕ್ಕೇ ಒಂದ್ ಸ್ಟಾರ್ ಕಟ್.